ಹಳೇ ಸ್ಕಾರ್ಫ್: ಡಬ್ಬಿ ಬೇಡ, ಬರೆದವರ ಹೆಸರು ಹೇಳಿ

ಹಳೇ ಡಿಸೈನರ್ ರೇಷ್ಮೆ ಸ್ಕಾರ್ಫ್ ಕೂಡಿಡುವವರು ನಾಲ್ಕು ಜನ ಸೇರಿದರೆ ಮೊದಲು ಬರುವ ಪ್ರಶ್ನೆ, ‘ನಿಮ್ಮ ಹತ್ತಿರ ಎಷ್ಟು ಹರ್ಮೆಸ್ ಇವೆ?’ ಎರಡನೆಯದು, ‘ಡಬ್ಬಿ ಇದೆಯಾ?’ ಹರ್ಮೆಸ್ ಅಂದರೆ ಪ್ಯಾರಿಸ್‌ನ ಹೆಸರಾದ ಕಂಪನಿ, ಡಬ್ಬಿ ಅಂದರೆ ಅದರ ಸ್ಕಾರ್ಫ್ ಬರುವ ಆ ಕಿತ್ತಳೆ ಬಣ್ಣದ ಡಬ್ಬಿ. ಬಟ್ಟೆಯ ಮೇಲೆ ಏನಿದೆ, ಯಾರು ಬರೆದದ್ದು ಅನ್ನುವ ಮಾತು ಬರುವಷ್ಟರಲ್ಲಿ ಎಲ್ಲರೂ ಎದ್ದು ಹೊರಟಿರುತ್ತಾರೆ. ನನಗಂತೂ ಇದು ತಲೆಕೆಳಗಾದ ಲೆಕ್ಕ ಅನ್ನಿಸುತ್ತದೆ.

ಈ ಸ್ಕಾರ್ಫ್ ಅನ್ನುವುದು ರೇಷ್ಮೆ ಮೇಲೆ ಅಚ್ಚಾದ ಚಿತ್ರ. ಚಿತ್ರ ಅಂದಮೇಲೆ ಬರೆದವರು ಒಬ್ಬರು ಇರಲೇಬೇಕು. ಪುಸ್ತಕ ಕೊಳ್ಳುವಾಗ ಪ್ರಕಾಶಕರ ಹೆಸರು ನೋಡಿ ಲೇಖಕರನ್ನು ಬಿಟ್ಟುಬಿಡುತ್ತೇವಾ? ಸ್ಕಾರ್ಫ್ ವಿಷಯದಲ್ಲಿ ಮಾತ್ರ ಅದನ್ನೇ ಮಾಡುತ್ತೇವೆ. ಕೂಡಿಡುವುದಾದರೆ ಬರೆದವರನ್ನು ನೋಡಿ ಕೂಡಿಡಿ ಅನ್ನುವುದು ನನ್ನ ವಾದ. ಒಪ್ಪದವರು ಜಾಸ್ತಿ ಇರುತ್ತಾರೆ, ಗೊತ್ತು.

ಹರ್ಮೆಸ್‌ನಿಂದಲೇ ಶುರು ಮಾಡೋಣ, ಹೇಗೂ ಎಲ್ಲರ ಬಾಯಲ್ಲೂ ಅದೇ. 1837ರಲ್ಲಿ ಪ್ಯಾರಿಸ್‌ನಲ್ಲಿ ಕುದುರೆ ಗಾಡಿಗೆ ಬೇಕಾದ ಚರ್ಮದ ಪಟ್ಟಿ, ಲಗಾಮು ಮಾಡುವ ಅಂಗಡಿಯಾಗಿ ಹುಟ್ಟಿದ ಕಂಪನಿ ಅದು. ಸರಿಯಾಗಿ ನೂರು ವರ್ಷದ ಮೇಲೆ, 1937ರಲ್ಲಿ, ಮೊದಲ ಚೌಕ ಸ್ಕಾರ್ಫ್ ತಂದಿತು. ಆ ಮನೆಯ ಅಳಿಯ ರಾಬರ್ಟ್ ಡ್ಯೂಮಾ ಅದರ ಹಿಂದಿದ್ದವರು. ಹಳೇ ಕಾಲದ ಕುದುರೆ ಬಸ್ಸುಗಳು ಸುತ್ತ ಓಡುತ್ತಿರುವ ಒಂದು ಆಟದ ಚಿತ್ರ. ಅಲ್ಲಿಂದ ಮುಂದೆ ಎಷ್ಟೋ ಚಿತ್ರಗಳನ್ನು ಬರೆದವರು ಹ್ಯೂಗೊ ಗ್ರಿಗ್ಕಾರ್. 1957ರ ‘ಬ್ರೀದ್ ದ ಗಾಲಾ’ ಅವರದೇ. ಇವತ್ತಿಗೂ ಆ ಕಂಪನಿಯ ಅತಿ ಹೆಸರಾದ ಸ್ಕಾರ್ಫ್ ಯಾವುದು ಅಂದರೆ ಜನ ಇದನ್ನೇ ತೋರಿಸುತ್ತಾರೆ. ಆದರೆ ಗ್ರಿಗ್ಕಾರ್ ಅಂದರೆ ಯಾರು ಅಂತ ಕೇಳಿ ನೋಡಿ. ಅರ್ಧ ಜನ ಮುಖ ಮುಖ ನೋಡಿಕೊಳ್ಳುತ್ತಾರೆ.

ಆ ಸ್ಕಾರ್ಫನ್ನು ಒಮ್ಮೆ ಕಣ್ಣಿಗೆ ಹತ್ತಿರ ಹಿಡಿದು ನೋಡಬೇಕು. ಎರಡು ಅಲಂಕಾರದ ಲಗಾಮುಗಳು. ಕುದುರೆಯೇ ಇಲ್ಲ! ಕುದುರೆ ತಲೆಗೆ ಹಾಕುವ ಸಾಮಾನು ಮಾತ್ರ. ಆದರೂ ಕುದುರೆ ಅಲ್ಲೇ ನಿಂತಿದೆ ಅನ್ನಿಸುತ್ತದೆ. ಚರ್ಮದ ಪಟ್ಟಿ ಬಾಗುವ ಕಡೆ ಬಣ್ಣ ಮೆಲ್ಲಗೆ ಕಪ್ಪಾಗುತ್ತದೆ. ಬಕಲ್ಲಿನ ಮೇಲೆ ಬೆಳಕು ಬಿದ್ದ ಕಡೆ ಒಂದು ಸಣ್ಣ ತಿಳಿ ಗೆರೆ. ಈ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಸ್ಕ್ರೀನ್, ಅಂದರೆ ಬಣ್ಣ ಒತ್ತುವ ಜಾಲರಿ ಚೌಕಟ್ಟು, ಬೇಕು. ಚಿತ್ರವನ್ನು ಬಣ್ಣ ಬಣ್ಣವಾಗಿ ಬಿಡಿಸಿ, ಒಂದು ಬಣ್ಣ ಒತ್ತಿದ ಜಾಗಕ್ಕೆ ಕೂದಲೆಳೆಯಷ್ಟೂ ತಪ್ಪದಂತೆ ಮುಂದಿನದನ್ನು ಒತ್ತಬೇಕು. ಫ್ರಾನ್ಸಿನ ಲಿಯೋನ್ ಊರಿನ ಕಡೆಯ ಹಳೇ ಕಸುಬು ಇದು. ಬರೆದವರ ಜೊತೆ, ಹಾಗೆ ಬಣ್ಣ ಬಿಡಿಸಿ ಸ್ಕ್ರೀನ್ ಮಾಡಿದವರ ಕೈಚಳಕವೂ ಇಲ್ಲಿದೆ. ಅವರ ಹೆಸರಂತೂ ಎಲ್ಲೂ ಇಲ್ಲ, ಬಿಡಿ.

ನನಗೆ ತುಂಬ ಇಷ್ಟವಾದ ಕಥೆ ಕರ್ಮಿಟ್ ಆಲಿವರ್ ಅವರದು. ಅಮೆರಿಕದ ಟೆಕ್ಸಾಸ್‌ನ ವೇಕೋ ಊರಿನ ಪೋಸ್ಟ್ ಆಫೀಸಿನಲ್ಲಿ ರಾತ್ರಿ ಪಾಳಿಯಲ್ಲಿ ಕಾಗದ ವಿಂಗಡಿಸುವ ಕೆಲಸ. ಅದರ ಜೊತೆಗೇ ಚಿತ್ರಕಾರ. 1980ರ ದಶಕದಿಂದ ಹರ್ಮೆಸ್‌ಗೆ ಸ್ಕಾರ್ಫ್ ಬರೆದರು. ಆ ಕಂಪನಿಗೆ ಬರೆದ ಮೊದಲ ಅಮೆರಿಕನ್ ಅವರೇ. ಟೆಕ್ಸಾಸ್‌ನ ಪ್ರಾಣಿ, ಗಿಡ, ಹೂವುಗಳ ನಡುವೆ ಒಂದು ಕಾಡು ಟರ್ಕಿ ಕೋಳಿಯನ್ನು ತಂದು ಕೂರಿಸಿದರು. ಪ್ಯಾರಿಸ್‌ನ ರೇಷ್ಮೆ ಮೇಲೆ ಟರ್ಕಿ ಕೋಳಿ! ಅದರ ಒಂದೊಂದು ಗರಿಯನ್ನೂ ನೋಡಿದರೆ ಆ ಹಕ್ಕಿಯನ್ನು ಕಂಡು ಬೆಳೆದವರು ಬರೆದದ್ದು ಅಂತ ಗೊತ್ತಾಗುತ್ತದೆ. ಇದನ್ನು ಸುಮ್ನೆ ‘ಹರ್ಮೆಸ್, 90 ಸೆಂಟಿಮೀಟರ್, ಒಳ್ಳೇ ಸ್ಥಿತಿ’ ಅಂತ ಮಾರಾಟಕ್ಕೆ ಇಟ್ಟರೆ ನನಗೆ ಸಂಕಟವಾಗುತ್ತದೆ.

ಬೇರೆ ಫ್ಯಾಷನ್ ಕಂಪನಿಗಳದ್ದೂ ಇದೇ ಕಥೆ. ಇಟಲಿಯ ಗೂಚಿ ಕಂಪನಿಯ ‘ಫ್ಲೋರಾ’ ಸ್ಕಾರ್ಫ್ ಎಲ್ಲರಿಗೂ ಗೊತ್ತು. 1966ರಲ್ಲಿ ಮೊನಾಕೊದ ರಾಜಕುಮಾರಿ ಗ್ರೇಸ್ ಕೆಲಿಗೆಂದು ರೊಡಾಲ್ಫೊ ಗೂಚಿ ಬರೆಸಿದ್ದು. ಬರೆದವರು ವಿಟ್ಟೊರಿಯೊ ಅಕ್ಕೊರ್ನೆರೊ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದವರು. 37 ಬಣ್ಣ. ನಾಲ್ಕೂ ಋತುಗಳ ಹೂವು, ನಡುನಡುವೆ ಚಿಟ್ಟೆ, ಜೀರುಂಡೆ. ಮಕ್ಕಳ ಪುಸ್ತಕದ ಕೈ ಅಂತ ತಿಳಿದ ಮೇಲೆ ಆ ಜೀರುಂಡೆಗಳನ್ನು ಇನ್ನೊಮ್ಮೆ ನೋಡಿ. ಬೇರೆಯದೇ ಖುಷಿ ಕೊಡುತ್ತವೆ.

ಇಟಲಿಯ ಡಿಸೈನರ್ ಎಮಿಲಿಯೊ ಪುಚಿ ತನ್ನ ಬಣ್ಣದ ಸುಳಿಗಳ ನಡುವೆ ‘ಎಮಿಲಿಯೊ’ ಅಂತ ಪುಟ್ಟದಾಗಿ ಅಲ್ಲಲ್ಲಿ ಸಹಿ ಅಡಗಿಸುತ್ತಿದ್ದರು. ಹುಡುಕುವುದೇ ಒಂದು ಆಟ. ಅಮೆರಿಕದ ಡಿಸೈನರ್ ವೆರಾ ನ್ಯೂಮನ್ ತಮ್ಮ ಹೆಸರನ್ನು ದೊಡ್ಡದಾಗಿಯೇ ಬರೆದರು, ಪಕ್ಕದಲ್ಲಿ ಒಂದು ಗುಲಗಂಜಿ ಹುಳ ಕೂರಿಸಿದರು. ಎರಡನೇ ಮಹಾಯುದ್ಧ ಮುಗಿದ ಹೊತ್ತಿಗೆ ಮಾಮೂಲು ಬಟ್ಟೆ ಸಿಗುವುದು ಕಷ್ಟವಾಗಿ, ಸೈನ್ಯದಲ್ಲಿ ಉಳಿದಿದ್ದ ಪ್ಯಾರಾಚೂಟ್ ರೇಷ್ಮೆಯ ಮೇಲೆ ಸ್ಕಾರ್ಫ್ ಅಚ್ಚು ಹಾಕಲು ಶುರು ಮಾಡಿದವರು ಅವರು. ಇನ್ನು ಲಂಡನ್‌ನ ಆಶರ್ ಕಂಪನಿ. ಪ್ರಾಗ್‌ನಿಂದ ಬಂದ ಝಿಕಾ ಮತ್ತು ಲಿಡಾ ಅನ್ನುವ ಗಂಡ ಹೆಂಡತಿ, 1940ರ ದಶಕದಲ್ಲಿ ಶಿಲ್ಪಿ ಹೆನ್ರಿ ಮೂರ್, ಚಿತ್ರಕಾರ ಮತೀಸ್ ಅಂಥವರಿಂದ ಸ್ಕಾರ್ಫ್‌ಗೆ ಚಿತ್ರ ಬರೆಸಿದರು. ಅಲ್ಲಿ ಮಾತ್ರ ಎಲ್ಲರೂ ‘ಮತೀಸ್ ಸ್ಕಾರ್ಫ್’ ಅನ್ನುತ್ತಾರೆ. ಆಶರ್ ಹೆಸರು ಹಿಂದೆ ಸರಿಯುತ್ತದೆ. ಅಂದರೆ ಬರೆದವರ ಹೆಸರು ಹಿಡಿದು ಮಾತಾಡುವುದು ನಮಗೆ ಬರುತ್ತದೆ. ದೊಡ್ಡ ಹೆಸರು ಇರಬೇಕು, ಅಷ್ಟೇ.

‘ಎಲ್ಲ ಸರಿ, ಸಹಿ ಇಲ್ಲದಿದ್ದರೆ?’ ಅನ್ನುತ್ತೀರಿ. ನಿಜ, ಎಲ್ಲ ಚಿತ್ರದಲ್ಲೂ ಸಹಿ ಸಿಗುವುದಿಲ್ಲ. ಹಳೆಯವುಗಳಲ್ಲಂತೂ ಕಷ್ಟ. ಚಿತ್ರದ ಹೆಸರು ಗೊತ್ತಾದರೆ ಬರೆದವರನ್ನು ಹುಡುಕಬಹುದು. ಚಿತ್ರದ ಹೆಸರು ಎಷ್ಟೋ ಸಲ ಬಟ್ಟೆಯಲ್ಲೇ ಅಚ್ಚಾಗಿರುತ್ತದೆ, ಅಂಚಿನ ಹತ್ತಿರ, ಎಲೆ ಬಳ್ಳಿಯ ಸಂದಿಯಲ್ಲಿ. ಹರ್ಮೆಸ್‌ಗೆ ಬರೆದ ಫಿಲಿಪ್ ಲೆದೂ ಅವರ ಹಡಗುಗಳನ್ನು ನಾಲ್ಕು ಸಲ ನೋಡಿದರೆ ಐದನೆಯದನ್ನು ಸಹಿ ಇಲ್ಲದೆಯೂ ಗುರುತಿಸುತ್ತೀರಿ. ಹಗ್ಗ, ಹಾಯಿ, ಅಲೆ ಎಲ್ಲ ಅಷ್ಟು ಅಚ್ಚುಕಟ್ಟು. ಹರ್ಮೆಸ್‌ನದೇ 1965ರ ‘ಲೆ ಕ್ಲೆ’, ಅದೇ ದೊಡ್ಡ ದೊಡ್ಡ ಬೀಗದಕೈಗಳ ಸ್ಕಾರ್ಫ್, ಕ್ಯಾಟಿ ಲಾಥಮ್ ಅವರದು. ಅದು ಇನ್ನೊಂದೇ ಜಾತಿ. ಲೆದೂ ಕಥೆ ಹೇಳುತ್ತಾರೆ, ಲಾಥಮ್ ವಸ್ತುವನ್ನು ಎತ್ತಿ ಎದುರಿಗೆ ಇಡುತ್ತಾರೆ.

ಹೀಗೆ ನೋಡಲು ಶುರು ಮಾಡಿದರೆ ಒಂದು ದೊಡ್ಡ ಲಾಭ ಇದೆ. ಡಬ್ಬಿ, ರಿಬ್ಬನ್ನು, ಟ್ಯಾಗು ಇವುಗಳ ಹುಚ್ಚು ಇಳಿಯುತ್ತದೆ. ಉಪಯೋಗಿಸಿದ ಸ್ಕಾರ್ಫ್‌ಗಳಲ್ಲಿ ಬಟ್ಟೆ ಒಗೆಯುವ ಸೂಚನೆಯ ಟ್ಯಾಗನ್ನು ಕತ್ತರಿಸಿ ತೆಗೆದಿರುತ್ತಾರೆ. ಕುತ್ತಿಗೆಗೆ ಚುಚ್ಚುತ್ತದೆ, ತೆಗೆಯದೆ ಇನ್ನೇನು? ಅದಕ್ಕೇ ಕೆಲವರು ‘ಟ್ಯಾಗ್ ಇಲ್ಲ, ಹಾಗಾದರೆ ನಕಲಿ’ ಅಂತ ತೀರ್ಪು ಕೊಟ್ಟುಬಿಡುತ್ತಾರೆ. ತಲೆ ಬುಡ ಇಲ್ಲದ ಮಾತು. ನಿಜ ಹೇಳಬೇಕೆಂದರೆ ಟ್ಯಾಗ್ ಇದ್ದರೇ ಕೆಲವು ಸಲ ಅನುಮಾನ ಪಡಬೇಕು. ಅಮೆರಿಕದಲ್ಲಿ ಉಡುಪಿಗೆ ಒಗೆಯುವ ಸೂಚನೆ ಕಡ್ಡಾಯವಾದದ್ದು 1972ರಲ್ಲಿ. ಅಲ್ಲಿನ ಮಾರುಕಟ್ಟೆಯದು, 1950ರ ದಶಕದ್ದು ಅಂತ ಒಬ್ಬರು ಮಾರುತ್ತಿದ್ದಾರೆ, ಆದರೆ ಅದರ ಮೂಲೆಯಲ್ಲಿ ‘ಡ್ರೈ ಕ್ಲೀನ್ ಮಾತ್ರ’ ಅನ್ನುವ ಪಟ್ಟಿ ಹೊಲಿದಿದೆ. ಆ ಮಾತು ನಂಬಬೇಕಾ? ಎರಡು ಸಲ ಯೋಚಿಸಿ.

ಇನ್ನೊಂದು ಗೊಂದಲ ಇಸವಿಯದು. ‘ಬ್ರೀದ್ ದ ಗಾಲಾ 1957’ ಅಂತ ಹಾಕಿರುತ್ತಾರೆ. 1957 ಅನ್ನುವುದು ಚಿತ್ರ ಬಂದ ವರ್ಷ. ಆ ಚಿತ್ರವನ್ನು ಆಮೇಲೆ ಎಷ್ಟೋ ಸಲ, ಹೊಸ ಹೊಸ ಬಣ್ಣಗಳಲ್ಲಿ ಅಚ್ಚು ಹಾಕಿದ್ದಾರೆ. ನಿಮ್ಮ ಕೈಯಲ್ಲಿರುವುದು ನಿಮಗಿಂತ ಚಿಕ್ಕ ವಯಸ್ಸಿನದೂ ಇರಬಹುದು. ಎಲ್ಲ ಮಾರುವವರೂ ಮೋಸ ಮಾಡುತ್ತಾರೆ ಅಂತಲ್ಲ. ಎಷ್ಟೋ ಜನರಿಗೆ ಈ ವ್ಯತ್ಯಾಸವೇ ಗೊತ್ತಿರುವುದಿಲ್ಲ.

ಅಸಲಿಯೋ ನಕಲಿಯೋ ಅನ್ನುವುದಕ್ಕೆ ನಾನು ಮೊದಲು ನೋಡುವುದು ಗೆರೆ. ಚಿತ್ರದ ಸಣ್ಣ ಅಕ್ಷರ, ಸಹಿ, ಪ್ರಾಣಿಯ ಕಣ್ಣು ಇವು ನಕಲಿಯಲ್ಲಿ ಮೊದಲು ಕೆಡುತ್ತವೆ. ಗೆರೆ ದಪ್ಪವಾಗುತ್ತದೆ, ಬಣ್ಣ ಗೆರೆ ದಾಟಿ ಆಚೆ ಹರಿದಿರುತ್ತದೆ, ಕಣ್ಣಿನಲ್ಲಿ ಜೀವ ಇರುವುದಿಲ್ಲ. ಆಮೇಲೆ ಅಂಚು. ಹರ್ಮೆಸ್‌ನ ಅಂಚನ್ನು ಚಿತ್ರ ಇರುವ ಮುಂಬದಿಗೆ ಸುತ್ತಿ ಕೈಯಿಂದ ಹೊಲಿದಿರುತ್ತಾರೆ. ಇಟಲಿಯ ಎಷ್ಟೋ ಕಂಪನಿಗಳಲ್ಲಿ ಹಿಂಬದಿಗೆ ಸುತ್ತುವ ಪದ್ಧತಿ. ಬೆರಳ ನಡುವೆ ಹಿಡಿದು ಉಜ್ಜಿದರೆ ಅಂಚು ಗುಂಡಗೆ, ತುಂಬಿಕೊಂಡು ಇರಬೇಕು. ಹೊಲಿಗೆ ಒಂದಕ್ಕೊಂದು ಸ್ವಲ್ಪ ಹೆಚ್ಚು ಕಮ್ಮಿ ಇದ್ದರೆ ಒಳ್ಳೆಯದೇ, ಕೈ ಹೊಲಿಗೆ ಅಲ್ವಾ? ಆದರೆ ಕೈ ಹೊಲಿಗೆ ಹಾಕಿದ ನಕಲಿಯೂ ಇರುತ್ತದೆ, ಅದಕ್ಕೇ ಅಂಚೊಂದನ್ನೇ ನಂಬಿ ಕೂರಬೇಡಿ.

ಈ ಅಂಚಿಗೆ ದೊಡ್ಡ ಶತ್ರು ಇಸ್ತ್ರಿ ಪೆಟ್ಟಿಗೆ. ನಾನು ಒಮ್ಮೆ ಒಂದು ಸ್ಕಾರ್ಫನ್ನು ಡ್ರೈ ಕ್ಲೀನ್‌ಗೆ ಕೊಟ್ಟಿದ್ದೆ. ‘ಅಂಚು ಮುಟ್ಟಬೇಡಿ’ ಅಂತ ಚೀಟಿ ಬರೆದು ಪಿನ್ ಮಾಡಿಯೇ ಕೊಟ್ಟಿದ್ದೆ. ವಾಪಸ್ ಬಂದಾಗ ನಾಲ್ಕೂ ಅಂಚು ಚಪ್ಪಟೆ. ಚೀಟಿ ಮಾತ್ರ ಹಾಗೇ ಇತ್ತು! ಆವತ್ತಿನಿಂದ ಮನೆಯಲ್ಲೇ ನೋಡಿಕೊಳ್ಳುತ್ತೇನೆ. ಒದ್ದೆ ಬಿಳಿ ಬಟ್ಟೆಯನ್ನು ಕಾಣದ ಮೂಲೆಗೆ ಒತ್ತಿ ನೋಡುವುದು, ಬಣ್ಣ ಅಂಟಿದರೆ ನೀರಿನ ಸಹವಾಸವೇ ಬೇಡ. ಕೆಂಪು, ಕಡು ನೀಲಿ ಇದ್ದರಂತೂ ಹುಷಾರು. ಇಸ್ತ್ರಿ ಹಾಕಲೇಬೇಕಾದರೆ ಹಿಂಬದಿಯಿಂದ, ಸಣ್ಣ ಬಿಸಿಯಲ್ಲಿ, ಅಂಚಿಗೆ ಬರುವ ಮೊದಲೇ ನಿಲ್ಲಿಸಬೇಕು. ಸೆಂಟು ಹೊಡೆದುಕೊಂಡ ತಕ್ಷಣ ಕಟ್ಟಿಕೊಳ್ಳಬೇಡಿ, ಕಲೆ ಉಳಿಯುತ್ತದೆ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟರೆ ಮಡಿಕೆ ಕಡೆ ಎಳೆ ಸವೆಯುತ್ತದೆ, ಆಗಾಗ ಬಿಚ್ಚಿ ಬೇರೆ ಕಡೆ ಮಡಿಸಿ. ನುಸಿಯ ವಿಷಯ ನಿಮಗೇ ಗೊತ್ತು.

ಈಗ ಜಗಳದ ವಿಷಯಕ್ಕೆ ಬರುತ್ತೇನೆ. ‘ಚಿತ್ರ, ಚಿತ್ರ ಅನ್ನುತ್ತೀಯಲ್ಲ, ಹಾಗಾದರೆ ಫ್ರೇಮ್ ಹಾಕಿ ಗೋಡೆಗೆ ತೂಗುಹಾಕು’ ಅಂತ ನನ್ನ ಗೆಳತಿ ಛೇಡಿಸುತ್ತಾಳೆ. ಫ್ರೇಮ್ ಬೇಡವೇ ಬೇಡ ಅನ್ನುವ ಪಕ್ಷ ನನ್ನದು. ಒಂದನೆಯದಾಗಿ, ಬೆಳಕಿಗೆ ರೇಷ್ಮೆ ತಡೆಯುವುದಿಲ್ಲ. ಬಣ್ಣ ಮಾಸುತ್ತದೆ, ಎಳೆಯೂ ಸೋಲುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಇಂಥ ಬಟ್ಟೆಯ ಮೇಲೆ 50 ಲಕ್ಸ್ ಬೆಳಕು ಮೀರದಂತೆ ನೋಡಿಕೊಳ್ಳುತ್ತಾರೆ, ಅಂದರೆ ಮಬ್ಬುಗತ್ತಲೆ. ಹಗಲು ಬೆಳಕು ಬೀಳುವ ಹಾಲ್‌ನಲ್ಲಿ ಅದು ಆಗುವ ಮಾತಾ? ಎರಡನೆಯದೇ ನನಗೆ ಮುಖ್ಯ. ಈ ಚಿತ್ರ ಬರೆದವರಿಗೆ ಗೊತ್ತಿತ್ತು, ಇದನ್ನು ಮಡಿಸುತ್ತಾರೆ, ಗಂಟು ಹಾಕುತ್ತಾರೆ ಅಂತ. ಪೂರ್ತಿ ಹರಡಿದಾಗ ಒಂದು ಚಿತ್ರ ಆಗಬೇಕು, ಮೂಲೆಯಿಂದ ಮೂಲೆಗೆ ಮಡಿಸಿದಾಗ ಇನ್ನೊಂದು, ಕುತ್ತಿಗೆಗೆ ಕಟ್ಟಿ ಒಂದು ಮೂಲೆ ಮಾತ್ರ ಕಂಡರೆ ಆ ಮೂಲೆಗೂ ಬೆಲೆ ಇರಬೇಕು. ಅದಕ್ಕೇ ಅಂಚಿನ ಬಣ್ಣಕ್ಕೆ, ಮೂಲೆಯ ಹೂವಿಗೆ ಅಷ್ಟು ತಲೆ ಕೆಡಿಸಿಕೊಂಡಿರುತ್ತಾರೆ. ಗೋಡೆಗೆ ಹಾಕಿದರೆ ಅವರು ಪಟ್ಟ ಕಷ್ಟದಲ್ಲಿ ಮುಕ್ಕಾಲು ಪಾಲು ಕಾಣುವುದೇ ಇಲ್ಲ. ಕಟ್ಟಿಕೊಳ್ಳಿ, ಹೊರಗೆ ಹೋಗಿ. ಗಾಳಿಗೆ ಒಂದು ಮೂಲೆ ತಿರುಗಿ ಹಿಂಬದಿ ಕಂಡರೆ, ಒಳ್ಳೇ ಅಚ್ಚಾಗಿದ್ದರೆ, ಅಲ್ಲೂ ಬಣ್ಣ ಇಳಿದಿರುತ್ತದೆ.

ಹೂಡಿಕೆ ಅಂತ ಕೊಳ್ಳುವವರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡಬ್ಬಿ ತೆರೆಯದೆ ಇಟ್ಟು ಬೆಲೆ ಏರುವುದನ್ನು ಕಾಯುವವರಿಗೆ ಸ್ಕಾರ್ಫೇ ಯಾಕೆ ಬೇಕು ಅನ್ನುವುದು ನನಗೆ ಅರ್ಥವಾಗಿಲ್ಲ. ಸಣ್ಣ ಕಲೆ ಇದೆ, ಒಂದು ಕಡೆ ಎಳೆ ಕಿತ್ತಿದೆ ಅಂತ ಅವರು ಬಿಟ್ಟುಹೋದದ್ದನ್ನೇ ನಾನು ತೆಗೆದುಕೊಳ್ಳುತ್ತೇನೆ. ಗಂಟು ಹಾಕಿದರೆ ಕಲೆ ಒಳಗೆ ಹೋಗುತ್ತದೆ. ನನಗಂತೂ ಈ ಏರ್ಪಾಡು ಅನುಕೂಲವಾಗಿದೆ. ಅವರು ಬದಲಾಗದಿದ್ದರೂ ಚಿಂತೆ ಇಲ್ಲ!

ಹಾಂ, ಕೇಳುವುದೇ ಮರೆತಿದ್ದೆ. ಲೆದೂ ಬರೆದ ಹಡಗಿನ ಸ್ಕಾರ್ಫ್ ಯಾರ ಹತ್ತಿರವಾದರೂ ಇದ್ದು, ಕೊಡುವ ಮನಸ್ಸಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ನೀಲಿ ಅಂಚಿನದಾದರೆ ಇನ್ನೂ ಸಂತೋಷ. ಡಬ್ಬಿ ನೀವೇ ಇಟ್ಟುಕೊಳ್ಳಿ.