ಬಳ್ಳಾರಿಯ ಧೂಳು, ಬಿಸಿಲು ಮತ್ತು ನಮ್ಮ ಸಣ್ಣ ಕಾರು

ನಮ್ಮ ಬಳ್ಳಾರಿ ಕಡೆ ಒಂದು ಮಾತಿದೆ. ಸಣ್ಣ ಕಾರು ಈ ಊರಿಗೆ ತಡೆಯುವುದಿಲ್ಲ, ಐದು ವರ್ಷಕ್ಕೆ ಅದರ ಕಥೆ ಮುಗಿಯಿತು, ಆಮೇಲೆ ಬರೀ ಗ್ಯಾರೇಜಿಗೆ ದುಡ್ಡು ಸುರಿಯಬೇಕು ಅಂತ. ಮೊದಲ ಸಲ ಕಾರು ತಗೊಳ್ಳುವವರಿಗೆ ಇದನ್ನೇ ಹೇಳಿ ಹೆದರಿಸಿ, ತಾಕತ್ತಿಗೆ ಮೀರಿದ ದೊಡ್ಡ ಗಾಡಿಯ ಸಾಲಕ್ಕೆ ಕೂರಿಸುತ್ತಾರೆ. ನಾನು ಈ ಮಾತನ್ನು ಒಪ್ಪುವುದಿಲ್ಲ.

ನನ್ನ ಹತ್ತಿರ ಇರುವುದು 2013ರ ಆಲ್ಟೊ 800. ಮೂರು ಸಿಲಿಂಡರಿನ 796 ಸಿಸಿ ಇಂಜಿನ್. ಕೆಎ-34 ನಂಬರು. ಸಿರುಗುಪ್ಪ ರಸ್ತೆಯ ಕಾಲೇಜಿಗೆ ಪಾಠ ಮಾಡಲು ಹೋಗುವುದು ಇದರಲ್ಲೇ. ಸಂಜೆ ತರಕಾರಿ, ಭಾನುವಾರ ಹೊಸಪೇಟೆಯ ನೆಂಟರ ಮನೆ, ಅತ್ತೆಗೆ ಮೈ ಹುಷಾರಿಲ್ಲದಿದ್ದರೆ ಆಸ್ಪತ್ರೆ, ಎಲ್ಲವೂ ಇದರಲ್ಲೇ. ಇವತ್ತಿಗೂ ಬೆಳಗ್ಗೆ ಕೀಲಿ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಅದೃಷ್ಟದಿಂದ ಅಲ್ಲ. ಈ ಊರಿನ ಹವೆಗೆ ತಕ್ಕ ಹಾಗೆ ಅದನ್ನು ನೋಡಿಕೊಂಡಿದ್ದೇವೆ, ಅಷ್ಟೇ.

ಕಾರಿನ ಜೊತೆ ಕೊಡುವ ಪುಸ್ತಕವನ್ನು ಯಾರೂ ಓದುವುದಿಲ್ಲ ಅಲ್ವಾ? ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಇನ್ಶೂರೆನ್ಸ್ ಕಾಗದದ ಕೆಳಗೆ ಬಿದ್ದಿರುತ್ತದೆ. ದಯವಿಟ್ಟು ತೆಗೆದು ಓದಿ. ಹತ್ತು ಸಾವಿರ ಕಿಲೋಮೀಟರಿಗೆ ಅಥವಾ ವರ್ಷಕ್ಕೊಮ್ಮೆ ಸರ್ವಿಸ್ ಅನ್ನುವ ಪಟ್ಟಿ ಎಲ್ಲರಿಗೂ ಗೊತ್ತು. ಅದರ ಮುಂದೆ ಇನ್ನೊಂದು ಪಟ್ಟಿ ಇರುತ್ತದೆ. ಧೂಳಿನ ರಸ್ತೆ, ಪದೇ ಪದೇ ಸಣ್ಣ ಸಣ್ಣ ಓಡಾಟ, ಹೀಗೆ ಕಷ್ಟದ ಪರಿಸ್ಥಿತಿಯಲ್ಲಿ ಓಡುವ ಕಾರಿಗೆ ಯಾವುದನ್ನು ಎಷ್ಟು ಬೇಗ ಬದಲಿಸಬೇಕು ಅನ್ನುವ ಪಟ್ಟಿ ಅದು. ನಮ್ಮದು ಎರಡನೇ ಪಟ್ಟಿಯ ಊರು. ತೋರಣಗಲ್ಲು, ಸಂಡೂರು ಕಡೆ ಅದಿರಿನ ಕೆಂಪು ಧೂಳು. ಕುಡಿತಿನಿ ಕಡೆ ಹೋದರೆ ಉಷ್ಣ ವಿದ್ಯುತ್ ಸ್ಥಾವರದ ಬೂದಿ. ಸಿರುಗುಪ್ಪ ಕಡೆ ಕಪ್ಪು ಮಣ್ಣು, ಭತ್ತದ ಹೊಟ್ಟು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವ ಮುಂಚಿನ ಅದಿರು ಲಾರಿಗಳ ಸಾಲು ಈಗಿಲ್ಲ, ನಿಜ. ಆದರೂ ಧೂಳು ನಮ್ಮನ್ನು ಬಿಟ್ಟುಹೋಗಿಲ್ಲ. ಇಲ್ಲಿದ್ದುಕೊಂಡು ಬೆಂಗಳೂರಿನವರ ಲೆಕ್ಕದಲ್ಲಿ ಸರ್ವಿಸ್ ಮಾಡಿಸಿದರೆ ಕಾರು ಕೆಡದೆ ಏನು ಮಾಡುತ್ತದೆ?

ಮೊದಲು ಏರ್ ಫಿಲ್ಟರ್ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೌಲ್ ಬಜಾರಿನ ಕಡೆ ನಾನು ಹೋಗುವ ಮೆಕ್ಯಾನಿಕ್ ಒಬ್ಬರಿದ್ದಾರೆ. ಕಳೆದ ಬೇಸಿಗೆಯಲ್ಲಿ ಅವರ ಅಂಗಡಿಯಲ್ಲಿ ಕೂತಿದ್ದಾಗ ಬೇರೆ ಯಾರದೋ ಕಾರು ಬಂತು. ಪಿಕಪ್ ಇಲ್ಲ, ಮೈಲೇಜ್ ಬಿದ್ದಿದೆ ಅನ್ನುವುದು ಅವರ ದೂರು. ಮೆಕ್ಯಾನಿಕ್ ಬಾನೆಟ್ ಎತ್ತಿ, ಫಿಲ್ಟರ್ ಡಬ್ಬಿಯ ಕ್ಲಿಪ್ ಬಿಚ್ಚಿ, ಫಿಲ್ಟರ್ ಹೊರಗೆ ತೆಗೆದರು. ಒಂದು ಹಳೇ ಪೇಪರ್ ಹಾಸಿ ಅದರ ಮೇಲೆ ಮೆಲ್ಲಗೆ ಎರಡು ಸಲ ಕುಟ್ಟಿದರು. ಮಡಿಕೆ ಮಡಿಕೆಯಿಂದ ಕುಂಕುಮದಂಥ ಮಣ್ಣು ಉದುರಿ, ಪೇಪರಿನ ಅಕ್ಷರ ಕಾಣದ ಹಾಗೆ ಹರಡಿಕೊಂಡಿತು. "ನೋಡ್ರಿ ಸಾರ್, ಗಾಡಿ ಉಸಿರು ಹೆಂಗೆ ತಗಬೇಕು?" ಅಂದರು. ಆ ಕಾರಿನವರು ಎರಡು ವರ್ಷದಿಂದ ಫಿಲ್ಟರ್ ಬದಲಿಸಿರಲಿಲ್ಲ. ಹೊಸ ಫಿಲ್ಟರಿಗೆ ಬೇಕಾದದ್ದು ಕೆಲವು ನೂರು ರೂಪಾಯಿ.

ಫಿಲ್ಟರ್ ಕಟ್ಟಿಕೊಂಡರೆ ಪೆಟ್ರೋಲ್ ಜಾಸ್ತಿ ಕುಡಿಯುವುದು ಒಂದು ಕಡೆ. ಅದಕ್ಕಿಂತ ದೊಡ್ಡ ತೊಂದರೆ, ಹರಿದ ಅಥವಾ ಸರಿಯಾಗಿ ಕೂರದ ಫಿಲ್ಟರಿನ ಸಂದಿಯಿಂದ ಧೂಳು ಒಳಗೆ ಹೋಗುವುದು. ಅದು ಸಿಲಿಂಡರಿನ ಗೋಡೆಯನ್ನೂ ಪಿಸ್ಟನ್ ರಿಂಗನ್ನೂ ಉಜ್ಜಿ ಉಜ್ಜಿ ಸವೆಸುತ್ತದೆ. ಆಮೇಲೆ ಇಂಜಿನ್ ಆಯಿಲ್ ಕುಡಿಯಲು ಶುರು ಮಾಡುತ್ತದೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುತ್ತದೆ. ಆಗ "ಸಣ್ಣ ಇಂಜಿನ್, ತಡೀಲಿಲ್ಲ" ಅನ್ನುತ್ತಾರೆ. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಬೇಡಿ. ಗಾಳಿ ಹೊಡೆಸುವುದಾದರೆ ಒಳಗಿನಿಂದ ಹೊರಗೆ ಹೊಡೆಸಿ, ಅದೂ ಕಡಿಮೆ ಒತ್ತಡದಲ್ಲಿ. ಕೆಲವರು ಹೊರಗಿನಿಂದ ಜೋರಾಗಿ ಹೊಡೆದು ಧೂಳನ್ನು ಇನ್ನೂ ಒಳಗೆ ತಳ್ಳುತ್ತಾರೆ.

ಎರಡನೆಯದು ನೀರು. ಬಿಸಿಲು ನಲವತ್ತು ಡಿಗ್ರಿ ದಾಟುವುದು ನಮಗೆ ಹೊಸದಲ್ಲ. ಆ ಬಿಸಿಲಲ್ಲಿ ಎಸಿ ಹಾಕಿಕೊಂಡು ನಾಲ್ಕು ಜನ ಕೂತು ಹೋಗುವಾಗ ಆ ಪುಟ್ಟ ರೇಡಿಯೇಟರ್ ಎಷ್ಟು ದುಡಿಯುತ್ತದೆ ಯೋಚಿಸಿ. ಆದರೆ ನಮ್ಮಲ್ಲಿ ರೂಢಿ ಏನು? ಇಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲೆಂಟ್, ಕಡಿಮೆ ಆದರೆ ಬಾಟಲಿಯಲ್ಲಿರುವ ಬೋರಿನ ನೀರನ್ನೇ ಸುರಿಯುವುದು. ನಮ್ಮ ಭಾಗದ ಬೋರ್ ನೀರು ಎಷ್ಟು ಗಡಸು ಅಂತ ಹೆಂಗಸರನ್ನು ಕೇಳಿ, ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪೊರೆಯನ್ನು ದಿನಾ ತಿಕ್ಕುವವರು ಅವರು. ಅದೇ ಪೊರೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಬರೀ ನೀರು ತುಂಬಿಸಿದರೆ ತುಕ್ಕು ಬೇರೆ. ನೇರವಾಗಿ ಹಾಕುವ ಕೂಲೆಂಟ್ ಸಿಗುತ್ತದೆ. ಬೆರೆಸುವ ಕೂಲೆಂಟ್ ಆದರೆ ಡಿಸ್ಟಿಲ್ಡ್ ವಾಟರ್ ಜೊತೆಗೆ ಮಾತ್ರ ಬೆರೆಸಿ. ದಾರಿಯಲ್ಲಿ ಬೇರೆ ಗತಿಯೇ ಇಲ್ಲದೆ ನೀರು ಹಾಕಿದ್ದರೆ ಊರಿಗೆ ಬಂದ ಮೇಲೆ ಪೂರ್ತಿ ಖಾಲಿ ಮಾಡಿಸಿ ಹೊಸದು ತುಂಬಿಸಿ.

ಟೆಂಪರೇಚರ್ ಮುಳ್ಳೋ ಕೆಂಪು ದೀಪವೋ ಎಚ್ಚರಿಸಿದರೆ ಎಸಿ ಆರಿಸಿ, ಬದಿಗೆ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ. ಕಾದ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಬೇಡಿ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಇನ್ನು ಐದೇ ಕಿಲೋಮೀಟರ್ ಅಂತ ಓಡಿಸಿಕೊಂಡು ಹೋದರೆ ಇಂಜಿನ್ನಿನ ಮೇಲ್ಭಾಗದ ಸಂದಿಯನ್ನು ಮುಚ್ಚುವ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಹಳೇ ಕಾರಿನ ಆಯುಷ್ಯ ಮುಗಿಸುವುದು ಬಹಳ ಸಲ ಈ ಐದು ಕಿಲೋಮೀಟರೇ.

ರೇಡಿಯೇಟರಿನ ಮುಂದೆಯೇ ಎಸಿಯ ಬಿಸಿಯನ್ನು ಹೊರಹಾಕುವ ಕಂಡೆನ್ಸರ್ ಇರುತ್ತದೆ. ಸುಗ್ಗಿ ಕಾಲದಲ್ಲಿ ಸಿರುಗುಪ್ಪ ರಸ್ತೆಯಲ್ಲಿ ರಾತ್ರಿ ಬಂದರೆ ಹುಳು, ಹೊಟ್ಟು ಎಲ್ಲ ಅದರ ಜಾಲರಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಎಸಿ ತಣ್ಣಗಾಗುತ್ತಿಲ್ಲ ಅಂದ ಕೂಡಲೇ ಗ್ಯಾಸ್ ತುಂಬಿಸಲು ಓಡಬೇಡಿ. ಮೊದಲು ಮುಂಭಾಗವನ್ನು ಕಡಿಮೆ ಒತ್ತಡದ ನೀರಿನಲ್ಲಿ ತೊಳೆಸಿ ನೋಡಿ. ಗ್ಯಾಸ್ ತನ್ನಷ್ಟಕ್ಕೆ ಖರ್ಚಾಗುವ ವಸ್ತು ಅಲ್ಲ. ಕಡಿಮೆ ಆಗಿದ್ದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಸೋರಿಕೆ ಹುಡುಕದೆ ತುಂಬಿಸಿದರೆ ಮುಂದಿನ ಬೇಸಿಗೆಗೆ ಮತ್ತೆ ದುಡ್ಡು.

ಸುಗ್ಗಿ ಅಂದಾಗ ಇನ್ನೊಂದು ನೆನಪಾಯಿತು. ನಮ್ಮ ರೈತರು ಕಣ ಇಲ್ಲದ ಕಡೆ ರಸ್ತೆ ಮೇಲೆಯೇ ಹುರುಳಿ, ತೊಗರಿ, ಸಜ್ಜೆ ಹರಡಿ ಒಕ್ಕಣೆ ಮಾಡುತ್ತಾರೆ. ಅವರ ಕಷ್ಟ ನನಗೆ ಅರ್ಥ ಆಗುತ್ತದೆ. ಆದರೆ ಒಣಗಿದ ಹುರುಳಿ ಬಳ್ಳಿ ಕಾರಿನ ಅಡಿಯಲ್ಲಿ ಆಕ್ಸಲಿಗೆ ಸುತ್ತಿಕೊಂಡು, ಕಾದ ಸೈಲೆನ್ಸರ್ ಪೈಪಿಗೆ ತಾಗಿ ಬೆಂಕಿ ಹತ್ತುತ್ತದೆ. ಕರ್ನಾಟಕದಲ್ಲಿ ಹೀಗೆ ಕಾರುಗಳು ಸುಟ್ಟುಹೋಗಿವೆ. ಸಣ್ಣ ಕಾರಿನ ಅಡಿ ನೆಲಕ್ಕೆ ಹತ್ತಿರ, ಹಾಗಾಗಿ ಅಪಾಯ ಜಾಸ್ತಿ. ಸಾಧ್ಯವಾದರೆ ಪಕ್ಕದಿಂದ ಹೋಗಿ. ದಾಟಲೇಬೇಕಾದರೆ ದಾಟಿದ ಮೇಲೆ ನಿಲ್ಲಿಸಿ, ಬಗ್ಗಿ ಕೆಳಗೆ ನೋಡಿ, ಸಿಕ್ಕಿಕೊಂಡದ್ದನ್ನು ಕಿತ್ತು ತೆಗೆಯಿರಿ.

ಟೈರಿನ ಬಗ್ಗೆ ನಮ್ಮ ಊರಲ್ಲಿ ಒಂದು ತಪ್ಪು ನಂಬಿಕೆ ಇದೆ. ಬೇಸಿಗೆಯಲ್ಲಿ ಗಾಳಿ ಕಡಿಮೆ ಇಡಬೇಕು, ಇಲ್ಲದಿದ್ದರೆ ಟೈರ್ ಸಿಡಿಯುತ್ತದೆ ಅನ್ನುವುದು. ಇದು ಉಲ್ಟಾ. ಗಾಳಿ ಕಡಿಮೆ ಇದ್ದರೆ ಟೈರಿನ ಪಕ್ಕೆ ಜಾಸ್ತಿ ಬಾಗುತ್ತದೆ, ಬಾಗಿದಷ್ಟೂ ಬಿಸಿಯಾಗುತ್ತದೆ, ಬಿಸಿಯಾದರೆ ಸಿಡಿಯುತ್ತದೆ. ಡ್ರೈವರ್ ಬಾಗಿಲ ಹತ್ತಿರ ಅಂಟಿಸಿದ ಚೀಟಿಯಲ್ಲೋ ಪುಸ್ತಕದಲ್ಲೋ ಎಷ್ಟು ಬರೆದಿದೆಯೋ ಅಷ್ಟೇ ಇಡಿ. ಬೆಳಗ್ಗೆ ಟೈರ್ ತಣ್ಣಗಿದ್ದಾಗ ಹಿಡಿಸಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ಅದನ್ನೂ ನೋಡುವುದು ಕಲಿಯಿರಿ. 2319 ಅಂತಿದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಪಟ್ಟೆ ಚೆನ್ನಾಗಿದೆ, ಸವೆದಿಲ್ಲ ಅಂತ ಹಳೇ ಟೈರಿನಲ್ಲೇ ಓಡಾಡುವವರು ತುಂಬಾ ಜನ. ನಮ್ಮ ಬಿಸಿಲಿಗೆ ರಬ್ಬರ್ ಒಣಗಿ ಸೀಳು ಬಿಡುತ್ತದೆ. ಸ್ಟೆಪ್ನಿಯಂತೂ ಕಾರಿನ ಜೊತೆ ಬಂದದ್ದೇ ಇರುತ್ತದೆ.

ಇಂಜಿನ್ನಿನ ಒಳಗಿನ ಭಾಗಗಳು ಒಂದೇ ತಾಳದಲ್ಲಿ ತಿರುಗುವಂತೆ ಮಾಡುವ ಟೈಮಿಂಗ್ ಬೆಲ್ಟ್ ಬಗ್ಗೆ ಎರಡೇ ಮಾತು. ಆಲ್ಟೊ 800 ಇಂಜಿನ್ನಿಗೆ ಬೆಲ್ಟ್, ಆಲ್ಟೊದ ಇನ್ನೊಂದು ಮಾದರಿಯಾದ ಕೆ10 ಇಂಜಿನ್ನಿಗೆ ಚೈನ್. ಸೆಕೆಂಡ್ ಹ್ಯಾಂಡ್ 800 ತಗೊಳ್ಳುವವರು ಬೆಲ್ಟ್ ಯಾವಾಗ ಬದಲಿಸಿದ್ದು ಅಂತ ಮೊದಲೇ ಕೇಳಿ.

ಇನ್ನು ಸರ್ವಿಸ್ ಸೆಂಟರ್. ಎಲ್ಲರೂ ಮೋಸ ಮಾಡುತ್ತಾರೆ ಅಂತ ನಾನು ಹೇಳುವುದಿಲ್ಲ. ಆದರೆ ನನ್ನ ಅನುಭವ ಹೇಳಲೇಬೇಕು. ಒಂದು ಕಡೆ ಸರ್ವಿಸಿಗೆ ಬಿಟ್ಟಾಗ ಬಿಲ್ಲಿನಲ್ಲಿ ಹೊಸ ಏರ್ ಫಿಲ್ಟರ್ ಎಂದು ಬರೆದಿದ್ದರು. ನಾನು ಪ್ರತಿ ಫಿಲ್ಟರಿನ ಅಂಚಿನ ಮೇಲೆ ಪೆನ್ನಿನಿಂದ ತಾರೀಖು ಬರೆದು ಹಾಕಿಸುತ್ತೇನೆ. ಅಲ್ಲೇ ಬಾನೆಟ್ ಎತ್ತಿಸಿ ಡಬ್ಬಿ ತೆಗೆಸಿದೆ. ನನ್ನ ಅಕ್ಷರದ ಹಳೇ ಫಿಲ್ಟರ್ ಹಾಗೇ ಕೂತಿತ್ತು! ಹುಡುಗ ತಡವರಿಸಿದ, ಸೂಪರ್‌ವೈಸರ್ ಬಂದು ಹೊಸದು ಹಾಕಿಸಿದರು. ಕೇಳದೆ ಹೋಗಿದ್ದರೆ? ಅವತ್ತಿನಿಂದ ಬದಲಿಸಿದ ಹಳೇ ಪಾರ್ಟ್ ಎಲ್ಲವನ್ನೂ ಡಿಕ್ಕಿಯಲ್ಲಿ ಹಾಕಿಕೊಡಿ ಅಂತ ಸರ್ವಿಸ್ ಸೆಂಟರಿನವರು ಕೆಲಸದ ಪಟ್ಟಿ ಬರೆಯುವ ಜಾಬ್ ಕಾರ್ಡಿನಲ್ಲೇ ಬರೆಸುತ್ತೇನೆ. ಇಂಜಿನ್ ಡಿಕಾರ್ಬನೈಸಿಂಗ್, ಬಾಡಿ ಕೋಟಿಂಗ್, ಎಸಿ ಸ್ಪ್ರೇ, ಇವೆಲ್ಲ ಬೇಡ ಅಂದರೆ ಬೇಡ. ಹೇಳಲು ಸಂಕೋಚ ಪಡಬೇಡಿ. ವಿಶೇಷವಾಗಿ ಹೆಂಗಸರಿಗೆ ಈ ಮಾತು. ಮೇಡಂಗೆ ಏನು ಗೊತ್ತಾಗುತ್ತದೆ ಅಂತಲೇ ಬಿಲ್ ಉದ್ದ ಮಾಡುತ್ತಾರೆ.

ಸಣ್ಣ ಕಾರಿನ ದೊಡ್ಡ ಗುಣ ಮೈಲೇಜ್ ಅಂತಾರೆ. ನನಗೆ ಅದಕ್ಕಿಂತ ಮುಖ್ಯ ಅನಿಸುವುದು, ಎಲ್ಲಿ ಕೆಟ್ಟರೂ ಸರಿಮಾಡುವವರು ಸಿಗುತ್ತಾರೆ ಅನ್ನುವುದು. 1983ರ ಕೊನೆಯಲ್ಲಿ ಮಾರುತಿ 800 ಬಂತು, 2000ದಲ್ಲಿ ಆಲ್ಟೊ ಬಂತು. ಇಷ್ಟು ವರ್ಷದಲ್ಲಿ ಈ ಇಂಜಿನ್ನುಗಳ ಮೇಲೆ ಕೈ ಪಳಗಿದ ಒಂದು ತಲೆಮಾರೇ ನಮ್ಮ ಊರುಗಳಲ್ಲಿ ತಯಾರಾಗಿದೆ. ಕಂಪ್ಲಿಯಲ್ಲಿ ಕ್ಲಚ್ ಕೇಬಲ್ ಹೋದರೂ, ಕುರುಗೋಡಿನಲ್ಲಿ ಫ್ಯಾನ್ ಬೆಲ್ಟ್ ಹೋದರೂ ಅಲ್ಲೇ ಕೆಲಸ ಆಗುತ್ತದೆ. ನಮ್ಮ ಸ್ಟಾಫಿನಲ್ಲಿ ಒಬ್ಬರ ದೊಡ್ಡ ಗಾಡಿ ಒಂದು ಸೆನ್ಸರ್‌ಗಾಗಿ ವಾರಗಟ್ಟಲೆ ನಿಂತಿತ್ತು, ಪಾರ್ಟ್ ಬೆಂಗಳೂರಿನಿಂದ ಬರಬೇಕಿತ್ತು. ಅವರು ಅಷ್ಟು ದಿನ ಬಸ್ಸಿನಲ್ಲಿ ಬಂದರು, ಕಂತು ಮಾತ್ರ ನಿಲ್ಲಲಿಲ್ಲ. ಅವರ ಗಾಡಿಯ ಒಂದು ಟೈರಿನ ಬೆಲೆಗೆ ನನಗೆ ಮೂರು ಟೈರ್ ಬರುತ್ತವೆ. ಕಂತು ಕಟ್ಟಿ ಕಟ್ಟಿ ಕೈ ಖಾಲಿಯಾದವರು ಮೊದಲು ಕೈಬಿಡುವುದು ಸರ್ವಿಸನ್ನೇ, ಇದನ್ನು ಕಣ್ಣಾರೆ ನೋಡಿದ್ದೇನೆ.

ನಮ್ಮ ಭಾವ ಮನೆಗೆ ಬಂದಾಗಲೆಲ್ಲ "ಈ ಡಬ್ಬಿ ಕೊಟ್ಟುಬಿಡಮ್ಮ, ಈಗ ಜಿಎಸ್‌ಟಿ ಇಳಿದೈತೆ" ಅನ್ನುತ್ತಾರೆ. ಇಳಿದಿರುವುದು ನಿಜ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ತೆರಿಗೆ 28ರಿಂದ 18 ಶೇಕಡಾಕ್ಕೆ ಬಂದಿದೆ, ಮೇಲಿನ ಸೆಸ್ ಕೂಡ ಹೋಗಿದೆ. ಮೊದಲ ಕಾರು ತಗೊಳ್ಳುವವರಿಗೆ ಇದು ಒಳ್ಳೆಯ ಕಾಲ. ಚೆನ್ನಾಗಿ ಓಡುತ್ತಿರುವ ಕಾರು ಮಾರಿ ಸಾಲ ಮಾಡಲು ಇದು ಕಾರಣವಲ್ಲ.

ಭಾವನವರ ಇನ್ನೊಂದು ಮಾತಿಗೆ ಮಾತ್ರ ನಾನು ತಲೆಬಾಗುತ್ತೇನೆ. ಅದು ಸುರಕ್ಷತೆ. 2014ರ ಜನವರಿಯಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಸಂಸ್ಥೆ ಗ್ಲೋಬಲ್ ಎನ್‌ಕ್ಯಾಪ್ ನಮ್ಮ ದೇಶದ ಐದು ಸಣ್ಣ ಕಾರುಗಳ ಅಪಘಾತ ಪರೀಕ್ಷೆಯ ಫಲಿತಾಂಶ ಹೊರಹಾಕಿತು. ಏರ್‌ಬ್ಯಾಗ್ ಇಲ್ಲದ ಆಲ್ಟೊ 800ಕ್ಕೆ ಸಿಕ್ಕಿದ್ದು ಸೊನ್ನೆ ಸ್ಟಾರ್. ನನ್ನದೂ ಅದೇ ಕಾರು. ಅದಕ್ಕೇ ಹೈವೇಯಲ್ಲಿ ನಾನು 80 ದಾಟುವುದಿಲ್ಲ. ರಾತ್ರಿ ತೋರಣಗಲ್ಲು ಕಡೆ ಲಾರಿಗಳ ನಡುವೆ ಹೋಗುವುದನ್ನು ತಪ್ಪಿಸುತ್ತೇನೆ. ಹಿಂದಿನ ಸೀಟಿನವರೂ ಬೆಲ್ಟ್ ಹಾಕಿದ ಮೇಲೆಯೇ ಗಾಡಿ ಕದಲುತ್ತದೆ, ಅತ್ತೆಗೂ ವಿನಾಯಿತಿ ಇಲ್ಲ. ಹೊಸದು ತಗೊಳ್ಳುವವರು ಏರ್‌ಬ್ಯಾಗ್, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ನೋಡದೆ ತಗೊಳ್ಳಬೇಡಿ. ಈಗ ಆಲ್ಟೊ ಕೆ10ರಲ್ಲೂ ಆರು ಏರ್‌ಬ್ಯಾಗ್ ಬರುತ್ತವೆ. ಐದು ಜನರ ಕಾರಿನಲ್ಲಿ ಎಂಟು ಜನ ಕೂತು ಜಾತ್ರೆಗೆ ಹೋಗುವುದನ್ನು ನೋಡಿದರೆ ನನ್ನ ಎದೆ ಧಸಕ್ ಅನ್ನುತ್ತದೆ. ಮಕ್ಕಳನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುವವರಿಗೆ ಕೈಮುಗಿದು ಕೇಳುತ್ತೇನೆ, ಬಿಟ್ಟುಬಿಡಿ.

ಹಳೇ ಕಾರಿನವರಿಗೆ ಈಗ ಇರುವ ಇನ್ನೊಂದು ಚಿಂತೆ ಪೆಟ್ರೋಲ್. ಬಂಕಿನಲ್ಲಿ ಸಿಗುತ್ತಿರುವುದು ಶೇಕಡಾ 20 ಎಥನಾಲ್ ಸೇರಿದ್ದು. ಅದನ್ನು ತಾಳುವ ರಬ್ಬರ್ ಪೈಪು, ಸೀಲು ಕಡ್ಡಾಯವಾಗಿ ಬಂದದ್ದು 2023ರ ಏಪ್ರಿಲ್ ನಂತರದ ಕಾರುಗಳಲ್ಲಿ. ಎಥನಾಲ್ ಉರಿದಾಗ ಸಿಗುವ ಶಕ್ತಿ ಪೆಟ್ರೋಲಿಗಿಂತ ಕಡಿಮೆ, ಮೈಲೇಜ್ ಸ್ವಲ್ಪ ಇಳಿಯುತ್ತದೆ. ಅದು ಗಾಳಿಯ ತೇವವನ್ನೂ ಹೀರುತ್ತದೆ. ಹಾಗಾಗಿ ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಪ್ರತಿ ಸರ್ವಿಸಿನಲ್ಲಿ ಪೆಟ್ರೋಲ್ ಪೈಪ್ ಬೆರಳಿನಿಂದ ಒತ್ತಿ ನೋಡಲು ಹೇಳಿ. ಗಟ್ಟಿಯಾಗಿದ್ದರೆ, ಸೀಳಿದ್ದರೆ ಬದಲಿಸಿ. ನನ್ನ ಕಾರಿಗೆ ಹೋದ ಸಲ ಎರಡು ಪೈಪ್ ಬದಲಾಯಿತು, ದೊಡ್ಡ ಖರ್ಚೇನೂ ಬರಲಿಲ್ಲ.

ನನ್ನ ಆರ್‌ಸಿಗೆ 2028ರಲ್ಲಿ ಹದಿನೈದು ವರ್ಷ ತುಂಬುತ್ತದೆ. ನವೀಕರಣದ ಶುಲ್ಕ ಐದು ಸಾವಿರ, ಹಸಿರು ತೆರಿಗೆ ಬೇರೆ, ಫಿಟ್‌ನೆಸ್ ತಪಾಸಣೆಯೂ ಆಗಬೇಕು. ಪಾಸಾದರೆ ಇನ್ನೂ ಐದು ವರ್ಷ ಸಿಗುತ್ತದೆ. ಅದನ್ನು ಮಾಡಿಸಿಯೇ ತೀರುತ್ತೇನೆ. ಬಾಗಿಲ ಕೆಳಗಿನ ಪಟ್ಟಿಯಲ್ಲಿ ಒಂದು ಕಡೆ ತುಕ್ಕು ಕಾಣಿಸಿದೆ, ಮಳೆಗಾಲಕ್ಕೆ ಮುಂಚೆ ಅದನ್ನು ಕೆರೆಸಿ ಪ್ರೈಮರ್ ಹೊಡೆಸಬೇಕು. ಬಳ್ಳಾರಿ, ಹೊಸಪೇಟೆ, ಕೊಪ್ಪಳ, ರಾಯಚೂರು ಕಡೆಯವರು ಯಾರಾದರೂ ಇತ್ತೀಚೆಗೆ ಹಳೇ ಕಾರಿನ ಆರ್‌ಸಿ ನವೀಕರಣ ಮಾಡಿಸಿದ್ದರೆ, ತಪಾಸಣೆಯಲ್ಲಿ ಏನೇನು ನೋಡಿದರು ಅಂತ ದಯವಿಟ್ಟು ಬರೆದು ತಿಳಿಸಿ. ಚೆನ್ನಾಗಿ ಟಿಂಕರಿಂಗ್, ಅಂದರೆ ಕಾರಿನ ತಗಡಿನ ಕೆಲಸ, ಮಾಡುವವರು ಬಳ್ಳಾರಿಯಲ್ಲಿ ಎಲ್ಲಿದ್ದಾರೆ ಅನ್ನುವುದನ್ನೂ ಹೇಳಿ.