ಹೊಲದಲ್ಲೇ ಕಲಸುವ ಪಚಡಿ

ಹೊಲದಲ್ಲೇ ಪೂಜೆ ಮಾಡಿ ಉಣ್ಣುವ ಎಳ್ಳಮಾವಾಸ್ಯೆ ಹಬ್ಬದ ಊಟದಲ್ಲಿ ಪಚಡಿಯನ್ನು, ಅಂದರೆ ಹಸಿ ತರಕಾರಿಯ ಕೋಸಂಬರಿಯನ್ನು, ಯಾರೂ ಹಾಡಿ ಹೊಗಳುವುದಿಲ್ಲ. ಹೊಗಳಿಕೆಯೆಲ್ಲ ಶೇಂಗಾ ಹೋಳಿಗೆಗೆ, ಎಣ್ಣಿಗಾಯಿಗೆ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಗೆ. ಇರಲಿ, ಹಿಂದಿನ ದಿನದಿಂದ ಒಲೆ ಮುಂದೆ ಕೂತವರ ಶ್ರಮಕ್ಕೆ ಅಷ್ಟಾದರೂ ಸಲ್ಲಬೇಕಲ್ವಾ? ಅವೆಲ್ಲ ಬುಟ್ಟಿ ಸೇರಿ, ಮೇಲೊಂದು ಬಟ್ಟೆ ಹೊದ್ದು, ಬಂಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಹೊಲಕ್ಕೆ ಬರುತ್ತವೆ. ಪಚಡಿ ಮಾತ್ರ ಬರುವುದಿಲ್ಲ, ಅದರ ಸಾಮಾನು ಬರುತ್ತದೆ. ಅದು ತಯಾರಾಗುವುದು ಹೊಲದಲ್ಲೇ, ಬನ್ನಿ ಗಿಡದ ನೆರಳಲ್ಲಿ, ಹಸಿದು ಕೂತವರೆಲ್ಲರ ಕಣ್ಣೆದುರು. ಒಲೆ ಇಲ್ಲ, ಉರಿ ಇಲ್ಲ. ಹಾಗಾಗಿ ಜೀವಮಾನದಲ್ಲಿ ಅಡುಗೆಮನೆ ಹೊಸ್ತಿಲು ದಾಟದವರೂ ಇಲ್ಲಿ ಸಲಹೆ ಕೊಡುತ್ತಾರೆ.

ನಮ್ಮದು ಕುಕನೂರು ಕಡೆಯ ಎರಿ ಹೊಲ, ಅಂದರೆ ಕಪ್ಪುಮಣ್ಣಿನದು. ಹಿಂಗಾರಿ ಬಿಳಿಜೋಳ, ನಡುವೆ ಕಡ್ಲಿ. ಗಂಗಾವತಿ ಕಡೆಯ ನೆಂಟರೂ ಈ ಹಬ್ಬಕ್ಕೆ ಇಲ್ಲಿಗೇ ಬರುತ್ತಾರೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು, ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಅವರ ಕಡೆ ಎಲ್ಲಿ ನೋಡಿದರೂ ಭತ್ತ. ಗದ್ದೆ ಕೆಸರಲ್ಲಿ ಚಾಪೆ ಹಾಸಿ ಕೂರುವುದಕ್ಕಾಗುತ್ತದೆಯೇ? ದುಡ್ಡು ಅವರಲ್ಲಿ ಜಾಸ್ತಿ, ಎಳ್ಳಮಾವಾಸ್ಯೆ ನಮ್ಮಲ್ಲಿ ಜಾಸ್ತಿ.

ಪಚಡಿಗೆ ಮೊದಲು ಬೇಕಾದದ್ದು ಮೆಂತ್ಯದ ತಪ್ಪಲ. ಎಳೆಯದು, ದಂಟು ಬಲಿಯದ್ದು. ಆಮೇಲೆ ಸವತಿಕಾಯಿ, ಗಜ್ಜರಿ, ಎಲೆಸಮೇತ ಮೂಲಂಗಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ. ಸವತಿಕಾಯಿಯನ್ನು ತೊಟ್ಟಿನ ಕಡೆಯಿಂದ ಒಂದು ಚೂರು ಕೊಯ್ದು ಬಾಯಿಗೆ ಹಾಕಿಕೊಂಡು ನೋಡಲೇಬೇಕು. ಕಹಿ ಇದ್ದರೆ ಅಲ್ಲೇ ಹೆಚ್ಚು ಸೇರಿರುತ್ತದೆ. ಒಂದು ಕಹಿಕಾಯಿ ಸಾಕು, ಇಡೀ ಪಾತ್ರೆ ಹಾಳಾಗುವುದಕ್ಕೆ.

ಇನ್ನು ಹೆಚ್ಚುವ ವಿಷಯ. ತುರಿಯುವ ಮಣೆ ತಂದವರನ್ನು ನಾನು ಅಲ್ಲೇ ತಡೆಯುತ್ತೇನೆ. ತುರಿದರೆ ಗಜ್ಜರಿ ಮೆತ್ತಗಾಗಿ ನೀರು ಬಿಡುತ್ತದೆ, ಹಲ್ಲಿಗೆ ಏನೂ ಸಿಗುವುದಿಲ್ಲ. ಈಳಿಗೆ ಮೇಲೆ ಕೂತು ಸಣ್ಣಗೆ ಹೆಚ್ಚಿದರೆ ಒಂದೊಂದು ಚೂರೂ ಕರುಂ ಅನ್ನುತ್ತದೆ. ಹಲ್ಲಿಲ್ಲದ ಅಜ್ಜನ ಪಾಲನ್ನು ಮಾತ್ರ ಬೇರೆ ತೆಗೆದು, ಸ್ಟೀಲ್ ಲೋಟದ ಬುಡದಿಂದ ಜಜ್ಜಿ ಕೊಡುತ್ತೇವೆ. ಆ ಕೆಲಸ ಹುಡುಗರದು. ಜಜ್ಜುವ ಕೆಲಸ ಅಂದರೆ ಅವರಿಗೆ ಭಾರೀ ಹುರುಪು.

ಹುಳಿಗೆ ಲಿಂಬಿಹಣ್ಣು ತಂದಿರುತ್ತೇವೆ. ಆದರೆ ನನ್ನ ಕಣ್ಣು ಕಡ್ಲಿ ಸಾಲಿನ ಮೇಲೆ. ಕಡ್ಲಿ ಗಿಡದ ಎಳೆ ಕುಡಿಯನ್ನು ಹತ್ತಿರದಿಂದ ನೋಡಿದ್ದೀರಾ? ಎಲೆ ತುಂಬ ನವಿರಾದ ರೋಮ, ಆ ರೋಮದ ತುದಿಯಲ್ಲಿ ಹೊಳೆಯುವ ಸಣ್ಣ ಹನಿ. ಅದು ಬರೀ ಇಬ್ಬನಿಯಲ್ಲ, ಗಿಡವೇ ಹೊರಹಾಕುವ ಹುಳಿ. ಮ್ಯಾಲಿಕ್ ಆಮ್ಲ, ಆಕ್ಸಾಲಿಕ್ ಆಮ್ಲ ಎರಡೂ ಅದರಲ್ಲಿವೆ. ಹಿಂದಿನವರು ಬೆಳಗಿನ ಜಾವ ಗಿಡಗಳ ಮೇಲೆ ಬಟ್ಟೆ ಹಾಸಿ, ಹಿಂಡಿ, ಆ ಹುಳಿಯನ್ನು ಹೊಟ್ಟೆನೋವಿನ ಮದ್ದಿಗೆಂದು ಸೀಸೆಯಲ್ಲಿ ತುಂಬಿಡುತ್ತಿದ್ದರು. ಒಂದು ಹಿಡಿ ಕುಡಿ ಚಿವುಟಿದರೆ ಬೆರಳ ತುದಿ ಚುರುಗುಟ್ಟುತ್ತದೆ. ಚಿವುಟಿದ್ದನ್ನು ತೊಳೆದರೆ ಹುಳಿಯೂ ನೀರಿನ ಜೊತೆ ಹೋಯಿತು. ಆದರೆ ಈಗ ಕಾಯಿಕೊರಕ ಹುಳಕ್ಕೆ ಔಷಧಿ ಹೊಡೆಯುವ ಕಾಲ. ಅದಕ್ಕೇ ಔಷಧಿ ಹೊಡೆಯದೆ ಬಿಟ್ಟ, ತಡವಾಗಿ ಬಿತ್ತಿದ ಬದುವಿನ ಸಾಲು ಯಾವುದು ಅಂತ ಮೊದಲು ಕೇಳಿಕೊಂಡೇ ಕೈ ಹಾಕಬೇಕು. ಕಾಯಿ ಕಟ್ಟಿದ್ದರೆ ಸುಲಗಾಯಿ ಬಿಡಿಸಿ ಹಸಿ ಕಾಳನ್ನೂ ಸೇರಿಸಬಹುದು. ಮಕ್ಕಳನ್ನು ಬಿಡಿಸಲು ಕೂರಿಸಿದರೆ ಪಾತ್ರೆಗೆ ಬೀಳುವುದು ಅಷ್ಟಕ್ಕಷ್ಟೇ.

ಕಲಸುವ ಹೊತ್ತಿಗೆ ನಿಜವಾದ ಪಂಚಾಯಿತಿ ಶುರು. ರಾಯಚೂರಿನ ಅತ್ತೆಗೆ ಮೊಸರು ಬೇಕು. ಬಳ್ಳಾರಿಯ ಭಾವನಿಗೆ ಸಾಸಿವೆ, ಇಂಗಿನ ಒಗ್ಗರಣೆ ಇಲ್ಲದಿದ್ದರೆ ಅದು ಪಚಡಿಯೇ ಅಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹುಡುಗನೊಬ್ಬ ಬ್ಯಾಗಿನಿಂದ ಮಯೊನೀಸ್ ಬಾಟಲಿ ತೆಗೆದ. ಬನ್ನಿ ಗಿಡದ ಬುಡದಲ್ಲಿ ಸುಣ್ಣ ಹಚ್ಚಿಸಿಕೊಂಡು ಕೂತ ಐದು ಕಲ್ಲಿನ ಪಾಂಡವರ ಎದುರು ಅದನ್ನು ತೆಗೆಯುವುದಕ್ಕೆ ಎಷ್ಟು ಧೈರ್ಯ ಬೇಕು! ಇತ್ತ ದೊಡ್ಡಮ್ಮ ಅಮಾವಾಸ್ಯೆ ದಿನ ಉಳ್ಳಾಗಡ್ಡಿ ಮುಟ್ಟುವುದಿಲ್ಲ.

ಇದಕ್ಕೆಲ್ಲ ನಮ್ಮ ಮನೆಯವರು ಕಂಡುಕೊಂಡ ದಾರಿ ಒಂದೇ, ಹಾಕುವ ಸರದಿ. ಮೊದಲು ತಪ್ಪಲ, ಸವತಿಕಾಯಿ, ಗಜ್ಜರಿ, ಮೂಲಂಗಿ. ಅದರಲ್ಲಿ ದೊಡ್ಡಮ್ಮನ ಪಾಲು ಬದಿಗೆ. ಆಮೇಲೆ ಉಳ್ಳಾಗಡ್ಡಿ. ಮಕ್ಕಳ ಪಾಲು ಬದಿಗೆ. ಆಮೇಲೆ ಮೆಣಸಿನಕಾಯಿ. ಮೊಸರು ಬೇಕಾದವರು ತಮ್ಮ ತಾಟಿನಲ್ಲಿ ಕಲಸಿಕೊಳ್ಳಲಿ. ಒಗ್ಗರಣೆಗೆ ಹೊಲದಲ್ಲಿ ಒಲೆ ಹೂಡುವವರು ಯಾರು? ಭಾವ ಸುಮ್ನೆ ಕೂತರು.

ಹುರಿದ ಶೇಂಗಾ ಪುಡಿ, ಗುರೆಳ್ಳು ಪುಡಿ, ಉಪ್ಪು ಬೀಳುವುದು ಕಟ್ಟಕಡೆಗೆ. ಉಪ್ಪು ಬಿದ್ದ ಗಳಿಗೆಯಿಂದಲೇ ತರಕಾರಿ ಒಳಗಿನ ನೀರು ಹೊರಗೆ ಬರಲು ಶುರುವಾಗುತ್ತದೆ. ತಪ್ಪಲ ಬಾಡುತ್ತದೆ, ಸವತಿಕಾಯಿ ಮೆತ್ತಗಾಗುತ್ತದೆ. ಮನೆಯಲ್ಲೇ ಕಲಸಿ ತಂದರೆ ಹೊಲ ಮುಟ್ಟುವಷ್ಟರಲ್ಲಿ ಅರ್ಧ ಪಾತ್ರೆ ಸಾರು. ಇಲ್ಲಿ ಕಲಸಿದರೂ ಅಲ್ಪಸ್ವಲ್ಪ ನೀರು ಬಂದೇ ಬರುತ್ತದೆ. ಅದನ್ನು ಶೇಂಗಾ ಪುಡಿ ಕುಡಿದು, ಚೂರುಗಳಿಗೆ ಅಂಟಿಕೊಳ್ಳುತ್ತದೆ. ಮಯೊನೀಸ್ ಮಾಡಬೇಕಾದ ಕೆಲಸವನ್ನು ಶೇಂಗಾ ಪುಡಿ ಮಾಡಿ ಮುಗಿಸಿರುತ್ತದೆ, ಅದೂ ರುಚಿಯಾಗಿ. ಹಾಗಾಗಿ ಉಪ್ಪಿನ ಡಬ್ಬಿ ತೆರೆಯುವುದು ಪೂಜೆ ಮುಗಿದು, ಗಂಡಸರು ಹೊಲದ ಸುತ್ತ ಚರಗ, ಅಂದರೆ ಭೂತಾಯಿಗೆ ಎಡೆಯ ಅಡುಗೆ, ಚೆಲ್ಲಿ ತಿರುಗಿ ಬರುವುದು ಕಂಡ ಮೇಲೆಯೇ.

ಆಮೇಲೆ ಮಾತಿಲ್ಲ. ಕಡಕ್ ರೊಟ್ಟಿ ಮುರಿದು, ಅದರಲ್ಲೇ ಪಚಡಿ ಎತ್ತಿ ತಿನ್ನುವುದು. ಎಣ್ಣಿಗಾಯಿ, ಹೋಳಿಗೆ ತಿಂದು ಬಾಯಿ ಭಾರವಾದಾಗಲೆಲ್ಲ ಕೈ ತಾನಾಗಿ ಆ ಪಾತ್ರೆ ಕಡೆ ಹೋಗುತ್ತದೆ. ಹೋಳಿಗೆ ಬೇಡ ಅಂದವರೂ ಪಚಡಿ ಬೇಡ ಅಂದದ್ದನ್ನು ನಾನಂತೂ ಕಂಡಿಲ್ಲ.

ಒಂದೇ ತೊಂದರೆ ಅಂದರೆ, ಉಳಿದದ್ದನ್ನು ಮನೆಗೆ ಒಯ್ಯುವ ಹಾಗಿಲ್ಲ. ಕಡಕ್ ರೊಟ್ಟಿ ವಾರಗಟ್ಟಲೆ ಇರುತ್ತದೆ, ಹೋಳಿಗೆ ನಾಲ್ಕು ದಿನ ತಡೆಯುತ್ತದೆ, ಪಚಡಿ ಸಂಜೆಗೇ ಕೆಲಸಕ್ಕೆ ಬಾರದು. ಚೆಲ್ಲಲು ಹೆಂಗಸರು ಬಿಡುವುದಿಲ್ಲ. ಅದಕ್ಕೆ ಪಾತ್ರೆಯನ್ನು ಹಿಡಿದುಕೊಂಡು ಸಾಲಿನ ಉದ್ದಕ್ಕೂ ಒಂದು ಸುತ್ತು ಬರುತ್ತಾರೆ. ಎಲ್ಲರೂ ತಾಟಿಗೆ ಕೈ ಅಡ್ಡ ಹಿಡಿಯುತ್ತಾರೆ. ಹೊಸ ಅಳಿಯ ಮಾತ್ರ ನಾಚಿಕೊಂಡು ಅಡ್ಡ ಹಿಡಿಯುವುದು ತಡ ಮಾಡುತ್ತಾನೆ.