ಮೊದಲು ಟೇಪು, ಆಮೇಲೆ ಸೂಜಿ

ಕುಂದಾಪುರದಿಂದ ರಾತ್ರಿ ಬಸ್ಸಿನಲ್ಲಿ ಮುಂಬಯಿ ಬಳಿಯ ಡೊಂಬಿವಲಿಗೆ ಮರಳಿದ ಮೂರನೆಯ ದಿನ ನನ್ನ ಎಡಗಾಲಿನ ಮೀನಖಂಡ ಹಿಡಿದುಕೊಂಡಿತು. ತುಸು ಊದಿದ ಹಾಗೂ ಇತ್ತು. ನೆರೆಮನೆಯವರು ಕೇಳಿದ್ದು ‘ಡಾಕ್ಟರಿಗೆ ತೋರಿಸಿದಿರಾ’ ಎಂದಲ್ಲ, ‘ಡಿ-ಡೈಮರ್ ಮಾಡಿಸಿದಿರಾ’ ಎಂದು. ರಕ್ತ ಹೆಪ್ಪುಗಟ್ಟಿದೆಯೇ ಎಂದು ನೋಡುವ ರಕ್ತಪರೀಕ್ಷೆ; ಕೋವಿಡ್ ಕಾಲದಲ್ಲಿ ನಮ್ಮ ಸೊಸೈಟಿಗೆಲ್ಲ ಬಾಯಿಪಾಠವಾದ ಪದ ಅದು. ಮರುದಿನ ಏಳಕ್ಕೆ ಬೈಕಿನ ಹುಡುಗ ಬಂದು ರಕ್ತ ತೆಗೆದುಕೊಂಡು ಹೋದ, ಹನ್ನೊಂದಕ್ಕೆ ಮೊಬೈಲಿಗೆ ವರದಿ ಬಂತು. ದಪ್ಪ ಕೆಂಪಕ್ಷರದಲ್ಲಿ 620, ಪಕ್ಕದಲ್ಲಿ ‘500ರ ಒಳಗಿರಬೇಕು’. ಅಲ್ಲಿಯವರೆಗೆ ನನ್ನ ಕಾಲನ್ನು ಯಾರೂ ಮುಟ್ಟಿರಲಿಲ್ಲ.

ಹೆಪ್ಪುಗಟ್ಟಿದ ರಕ್ತವನ್ನು ದೇಹ ಕರಗಿಸುವಾಗ ಅದರ ಫೈಬ್ರಿನ್ ಎಳೆಗಳಿಂದ ಉದುರುವ ಚೂರೇ ಡಿ-ಡೈಮರ್. ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪಿದ್ದರೆ ಅದು ಏರುತ್ತದೆ, ನಿಜ. ಆದರೆ ವಯಸ್ಸಾದರೂ ಏರುತ್ತದೆ. ಬಸಿರು, ಶಸ್ತ್ರಚಿಕಿತ್ಸೆ, ಸೋಂಕು, ಕ್ಯಾನ್ಸರ್, ಯಾವುದಾದರೂ ಸಾಕು. ಆದ್ದರಿಂದ ಈ ಪರೀಕ್ಷೆ ‘ಇಲ್ಲ’ ಎಂದಾಗ ನಂಬಬಹುದು, ‘ಇದೆ’ ಎಂದಾಗ ಅಷ್ಟು ನಂಬುವಂತಿಲ್ಲ. ಆ ‘ಇಲ್ಲ’ಕ್ಕೂ ಬೆಲೆ ಬರುವುದು ಯಾರ ರಕ್ತವನ್ನು ಪರೀಕ್ಷಿಸಿದರು ಎಂಬುದರ ಮೇಲೆ. ಕೆನಡಾದ ಫಿಲಿಪ್ ವೆಲ್ಸ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ, ಲಕ್ಷಣಗಳಿಗೆ ಅಂಕ ಕೊಟ್ಟು ಹೆಪ್ಪಿನ ಸಂಶಯ ಎಷ್ಟೆಂದು ಅಳೆಯುವ ಪಟ್ಟಿ ಅದಕ್ಕಾಗಿಯೇ ಇರುವುದು.

ಆ ಪಟ್ಟಿ ಕೆಲಸ ಮಾಡುವುದನ್ನು ನಾನು ಕಂಡದ್ದು ಸ್ಟೇಷನ್ ಬಳಿಯ ಗಲ್ಲಿಯ ವೃದ್ಧ ವೈದ್ಯೆಯೊಬ್ಬರಲ್ಲಿ. ನಾನು ಚಾಚಿದ ಮೊಬೈಲನ್ನು ಅವರು ಮೇಜಿನ ಮೇಲೆ ಕವುಚಿಟ್ಟು, ‘ಪೋಟರಿ ದಾಖವಾ’ (ಮೀನಖಂಡ ತೋರಿಸಿ) ಎಂದು ಮರಾಠಿಯಲ್ಲಿ ಹೇಳಿದರು. ಖಾನೆಯಿಂದ ದರ್ಜಿಯ ಟೇಪು ತೆಗೆದರು. ಮಂಡಿಯ ಕೆಳಗಿನ ಎಲುಬಿನ ಉಬ್ಬಿನಿಂದ ಹತ್ತು ಸೆಂಟಿಮೀಟರ್ ಕೆಳಗೆ ಪೆನ್ನಿನ ಗುರುತು ಹಾಕಿ ಎರಡೂ ಕಾಲು ಸುತ್ತಿ ನೋಡಿದರು. ಬಲಗಾಲು 34.5, ಎಡಗಾಲು 35.5. ವ್ಯತ್ಯಾಸ ಮೂರು ಸೆಂಟಿಮೀಟರ್ ಮೀರಿದ್ದರೆ ಒಂದು ಅಂಕವಂತೆ. ಈಚೆಗೆ ಆಪರೇಷನ್ ಆಗಿತ್ತೇ, ಹಾಸಿಗೆ ಹಿಡಿದಿದ್ದೆನೇ, ಹಿಂದೆ ಹೀಗಾಗಿತ್ತೇ ಎಂದು ವಿಚಾರಿಸಿದರು. ಹೆಬ್ಬೆರಳಿನಿಂದ ಮೀನಖಂಡ ಒತ್ತುತ್ತಾ, ಬಸ್ಸಿನಿಂದ ಭಾರ ಇಳಿಸಿದಿರಾ ಎಂದರು. ಇಳಿಸಿದ್ದೆ, ಇಪ್ಪತ್ತೈದು ಕಿಲೋ ಕುಚ್ಚಲಕ್ಕಿ. ಕೊನೆಗೆ ಮೊಬೈಲು ಎತ್ತಿಕೊಂಡು, ‘ನಿಮಗೆ 64 ಅಲ್ಲವೇ? ಹತ್ತರಿಂದ ಗುಣಿಸಿ’ ಎಂದರು. 640. ನನ್ನ 620 ಅದರ ಒಳಗೇ. ಐವತ್ತು ದಾಟಿದವರಿಗೆ ವಯಸ್ಸಿಗೆ ತಕ್ಕಂತೆ ಮಿತಿಯನ್ನು ಏರಿಸಿ ನೋಡಬಹುದೆಂದು ಬ್ರಿಟನ್ನಿನ ನೈಸ್ ಸಂಸ್ಥೆಯ 2020ರ ಮಾರ್ಗಸೂಚಿಯೂ ಹೇಳುತ್ತದೆ. ಸ್ನಾಯು ಉಳುಕಿದೆ, ಸ್ಕ್ಯಾನ್ ಬೇಡ ಎಂದು ಕಳಿಸಿದರು. ಅವರು ಪಡೆದ ಶುಲ್ಕ ರಕ್ತಪರೀಕ್ಷೆಯ ಅರ್ಧದಷ್ಟೂ ಇರಲಿಲ್ಲ.

ಊರಿನ ಕ್ರಮ ಮುಂಬಯಿಯ ಈ ಮೊದಲೇ ರಕ್ತ ತೆಗೆಯುವ ಕ್ರಮಕ್ಕೆ ತದ್ವಿರುದ್ಧ. ಕಳೆದ ಮಳೆಗಾಲದಲ್ಲಿ ಅಕ್ಕನ ಕಾಲು ಊದಿದಾಗ ಅಲ್ಲಿಯ ವೈದ್ಯರು ಚೆನ್ನಾಗಿಯೇ ಮುಟ್ಟಿ, ಒತ್ತಿ ನೋಡಿದರು. ಸಂಶಯ ಕಡಿಮೆ, ಆದರೂ ಖಚಿತವಿಲ್ಲ ಎಂದರು. ಶನಿವಾರ ಸಂಜೆ. ರಕ್ತನಾಳದ ಹರಿವನ್ನು ನೋಡುವ ಡಾಪ್ಲರ್ ಸ್ಕ್ಯಾನಿಗೆ ಉಡುಪಿಗೆ ಹೋಗಬೇಕು, ಅದೂ ಸೋಮವಾರ. ಅಲ್ಲಿಯವರೆಗೆ ರಕ್ತ ತೆಳುವಾಗಿಸುವ ಚುಚ್ಚುಮದ್ದು ಹೊಟ್ಟೆಗೆ. ಅಕ್ಕನ ಹೊಟ್ಟೆಯ ಮೇಲೆ ನೇರಳೆ ಹಣ್ಣಿನ ಬಣ್ಣದ ಕಲೆಗಳು. ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ವೈದ್ಯರದು ತಪ್ಪೆನ್ನಲಾರೆ, ಕೈಯಲ್ಲಿದ್ದುದರಲ್ಲಿ ಸರಿಯಾದದ್ದನ್ನೇ ಮಾಡಿದರು. ಆದರೆ ಬೆರಳ ತುದಿಯ ಹನಿಯಲ್ಲಿ ಕಾಲು ಗಂಟೆಯೊಳಗೆ ಡಿ-ಡೈಮರ್ ಹೇಳುವ ಪುಟ್ಟ ಕಿಟ್ ಅವರ ಬಳಿ ಇದ್ದು, ಅದು ‘ಇಲ್ಲ’ ಎಂದಿದ್ದರೆ, ಅಕ್ಕ ಅಂದೇ ಮನೆಗೆ ಹೋಗುತ್ತಿದ್ದಳು.

ಈ ಕಿಟ್‌ಗಳಲ್ಲಿ ಎಲ್ಲಕ್ಕೂ ಪ್ರಯೋಗಾಲಯದ ಪರೀಕ್ಷೆಯಷ್ಟು ಸೂಕ್ಷ್ಮತೆ ಇಲ್ಲ. ವೆಲ್ಸ್ ಅಂಕ ಎರಡು ಅಥವಾ ಹೆಚ್ಚಿದ್ದರೆ ಸ್ಕ್ಯಾನನ್ನು ಬಿಡುವಂತಿಲ್ಲ; ಉಸಿರು ಕಟ್ಟಿದರೆ, ಎದೆ ನೋವಾದರೆ ನೆಟ್ಟಗೆ ಆಸ್ಪತ್ರೆಗೆ. ಸಂಶಯ ಕಡಿಮೆ ಇರುವ ಅಕ್ಕನಂಥವರಿಗೇ ಈ ಕಿಟ್ ಹೇಳಿ ಮಾಡಿಸಿದ್ದು. ಹಾಗಿರುವಾಗ ಅದು ಬರಬೇಕಾದದ್ದು ಮುಂಬಯಿಯ ನನ್ನ ಬಾಗಿಲಿಗಲ್ಲ, ತಾಲ್ಲೂಕಿನ ವೈದ್ಯರ ಮೇಜಿಗೆ.

ಇದನ್ನೇ ಫೋನಿನಲ್ಲಿ ಹೇಳುತ್ತಿದ್ದೆ. ಅಕ್ಕ ನಡುವೆ ಬಾಯಿ ಹಾಕಿದಳು: ‘ನಿನ್ನದು 620, ನಿನ್ನ ಭಾವನದು ಬರೀ 0.8. ಹಾಗಾದರೆ ಅವರಿಗೆ ಏನೂ ಇಲ್ಲ ಅಲ್ಲವಾ?’ ಅದು ಮೈಕ್ರೋಗ್ರಾಂ ಲೆಕ್ಕ, ನನ್ನ ನ್ಯಾನೊಗ್ರಾಂ ಲೆಕ್ಕಕ್ಕೆ ತಂದರೆ 800 ಆಗುತ್ತದೆ ಎಂದೆ. ಭಾವನ ಕಾಲಿಗೆ ಏನಾಗಿತ್ತು ಎಂದು ಕೇಳಿದೆ.

‘ಕಾಲಿಗೆ ಏನೂ ಆಗಿಲ್ಲ. ಚೆಕಪ್ ಪ್ಯಾಕೇಜಿನಲ್ಲಿ ಇತ್ತು’ ಎಂದಳು.